ಉಳಿ ಸೋಂಕದ ಶಿಲೆಗಳು

ಉಡುಪಿ ಜಿಲ್ಲೆಯ ಮಲ್ಪೆ ಕಡಲತೀರದಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ ಸೇಂಟ್ ಮೇರಿಸ್ ದ್ವೀಪಗಳಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಇಲ್ಲಿ ಲಾವಾರಸವು ಹೊರಚಿಮ್ಮಿತು. ಅದು ತಣಿಯುತ್ತ ಕುಗ್ಗಿ, ಬಿರುಕುಬಿಟ್ಟು, ಬಹುಕೋನಾಕೃತಿಯ ಕಂಬಗಳಾಗಿ ನಿಂತಿತು. ಶಿಲ್ಪಿಯ ಉಳಿ ಸೋಂಕದ ಈ ಶಿಲೆಗಳು ಇಂದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆನಿಸಿವೆ.

ಮಳೆಗಾಲ ಕಳೆದು ದೋಣಿಗಳು ಹೊರಟವೆಂದರೆ ಪ್ರವಾಸಿಗರು ತಂಡತಂಡವಾಗಿ ಇಲ್ಲಿಗೆ ಬರುತ್ತಾರೆ. ಕಂಬಗಳ ನಡುವೆ ಅಲೆಯುವುದು, ಚಿಪ್ಪುಗಳು ಹರಡಿದ ದಡದಲ್ಲಿ ನಡೆಯುವುದು ಅವರಿಗೆ ಹಬ್ಬ. ಆದರೆ ಹೋದೆಡೆಯಲ್ಲೆಲ್ಲ ಹೆಸರು ಗೀಚುವ ಚಪಲವೂ, ತಿಂದುಳಿದುದನ್ನು ಎಸೆದುಬರುವ ಅಭ್ಯಾಸವೂ ಅನೇಕರನ್ನು ಇನ್ನೂ ಬಿಟ್ಟಿಲ್ಲ.

ಹಾಗಾದರೆ ದ್ವೀಪಕ್ಕೆ ಪ್ರವೇಶವನ್ನೇ ನಿಷೇಧಿಸಬೇಕೆ? ಬೇಡ. ಕಣ್ಣಾರೆ ಕಾಣದುದರ ಮೇಲೆ ಮಮತೆ ಮೂಡದು. ದೋಣಿ ನಡೆಸುವವರ ಜೀವನವೂ ಈ ಪ್ರವಾಸವನ್ನು ನೆಚ್ಚಿದೆ. ಆದರೆ ನೋಡುವ ಹಕ್ಕಿನೊಡನೆ ಕಾಯುವ ಹೊಣೆಯೂ ಬರುತ್ತದೆ. ಬಿದ್ದ ಗೋಡೆಯನ್ನು ಮತ್ತೆ ಕಟ್ಟಬಹುದು. ಕಡಿದ ಮರದ ಬದಲು ಇನ್ನೊಂದನ್ನು ನೆಡಬಹುದು. ಈ ಕಂಬಗಳನ್ನು ಎರಕಹೊಯ್ದ ಕುಲುಮೆಯಾದರೋ ಆರಿ ಕೋಟ್ಯಂತರ ವರ್ಷಗಳಾದವು. ಒಯ್ದ ಬುತ್ತಿಯ ಹೊದಿಕೆಯನ್ನು ಮರಳಿ ತರುವುದು, ಚಿಪ್ಪನ್ನು ದಡದಲ್ಲಿಯೇ ಬಿಡುವುದು ದೊಡ್ಡ ತ್ಯಾಗವೇನಲ್ಲ. ಅಷ್ಟನ್ನೂ ಮಾಡಲಾರದವನಿಗೆ ಆ ದೋಣಿಯನ್ನೇರುವ ಅರ್ಹತೆಯಿಲ್ಲ.