ಮೂರೇ ಅಂಕಿಯ ಸುಡೊಕು

ಪತ್ರಿಕೆ ಬಂದ ಕೂಡಲೇ ಸುದ್ದಿಗಿಂತ ಮೊದಲು ಸುಡೊಕು ಹುಡುಕುವವರು ನಮ್ಮ ಕುಂದಾಪುರದಲ್ಲೂ ಕಡಿಮೆಯೇನಿಲ್ಲ. ಕೈ ಪಳಗಿದ ಮೇಲೆ ಮಾತ್ರ ಅದು ಸಪ್ಪೆ ಎನಿಸತೊಡಗುತ್ತದೆ. ಅಂಥವರಿಗೆ ಹೆಚ್ಚುವರಿ ನಿಯಮದ ಸುಡೊಕುಗಳಿವೆ. ಮೂಲೆಯಿಂದ ಮೂಲೆಗೆ ಹೋಗುವ ಓರೆಸಾಲಿನಲ್ಲೂ ಅಂಕಿ ಮರುಕಳಿಸಬಾರದು, ಚದುರಂಗದ ಕುದುರೆ ನೆಗೆಯುವ ಮನೆಯಲ್ಲಿ ಅದೇ ಅಂಕಿ ಇರಬಾರದು, ಹೀಗೆ. 2008ರಲ್ಲಿ ಗೋವಾದಲ್ಲಿ, 2017ರಲ್ಲಿ ಬೆಂಗಳೂರಿನಲ್ಲಿ ನಡೆದ ವಿಶ್ವ ಸುಡೊಕು ಚಾಂಪಿಯನ್‌ಷಿಪ್‌ನಲ್ಲಿ ಸಾದಾ ಸುಡೊಕು ಜೊತೆಗೆ ಇಂಥವೂ ಇದ್ದವು. (2006ರ ಮೊದಲ ಚಾಂಪಿಯನ್ ಜೆಕ್ ದೇಶದ ಯಾನಾ ತಿಲೋವಾ ಎಂಬ ಮಹಿಳೆ. ಲೆಕ್ಕ ಗಂಡಸರ ವಿಷಯ ಎನ್ನುವವರು ಗಮನಿಸಲಿ!)

ಇಂಥದ್ದನ್ನು ಬಿಡಿಸುವುದಕ್ಕಿಂತ ರಚಿಸುವುದರಲ್ಲೇ ಹೆಚ್ಚು ಸ್ವಾರಸ್ಯ. ಮಕ್ಕಳ ಚೌಕುಳಿ ಪುಸ್ತಕದಲ್ಲಿ ನಾಲ್ಕು ಅಡ್ಡಸಾಲು, ನಾಲ್ಕು ಕಂಬಸಾಲುಗಳ ಚಿತ್ರ ಬರೆಯಿರಿ. ದಪ್ಪ ಗೆರೆಯಿಂದ ಅದನ್ನು ನಾಲ್ಕು ಚೌಕ ಮಾಡಿ. ಪ್ರತಿ ಸಾಲಿನಲ್ಲಿ, ಪ್ರತಿ ಚೌಕದಲ್ಲಿ 1ರಿಂದ 4 ಒಂದೊಂದು ಸಲ ಬರಬೇಕು. ಮೊದಲ ಅಡ್ಡಸಾಲಿನ ಮೊದಲ ಮನೆಯಲ್ಲಿ 1, ಮೂರನೆಯದರಲ್ಲಿ 4; ಎರಡನೇ ಅಡ್ಡಸಾಲಿನ ಮೊದಲ ಮನೆಯಲ್ಲಿ 3. ಇಷ್ಟೇ ಕೊಟ್ಟರೆ ಇದಕ್ಕೆ ಆರು ಉತ್ತರಗಳಿವೆ. ಎರಡೂ ಓರೆಸಾಲುಗಳಲ್ಲಿ ಅಂಕಿ ಮರುಕಳಿಸಬಾರದೆಂಬ ನಿಯಮ ಸೇರಿಸಿ. ಉಳಿಯುವುದು ಒಂದೇ ಉತ್ತರ.

ಹೇಗೆಂದರೆ, ಮೊದಲ ಅಡ್ಡಸಾಲು 1, 2, 4, 3 ಆಗಲೇಬೇಕು. ಬಲಮೂಲೆಯಲ್ಲಿ 3 ಬಂದ ಮೇಲೆ ಆ ಓರೆಸಾಲಿನಲ್ಲಿ ಇನ್ನೊಂದು 3ಕ್ಕೆ ಜಾಗವಿಲ್ಲ. ಆದ್ದರಿಂದ ಮೂರನೇ ಅಡ್ಡಸಾಲಿನ ಎರಡನೇ ಮನೆ 1. ಮುಂದಿನದು ನಿಮಗೆ ಬಿಟ್ಟದ್ದು. ಕೊನೆಯ ಅಡ್ಡಸಾಲು 4, 3, 1, 2 ಬಂದರೆ ಸರಿ.

ಒಂದೇ ಉತ್ತರ ಎಂಬುದು ಹಠವಲ್ಲ, ರಚಿಸುವವರು ಬಿಡಿಸುವವರಿಗೆ ಕೊಡುವ ಮಾತು. ಎರಡು ಉತ್ತರವಿರುವ ಸುಡೊಕುವನ್ನು ಮಗುವಿನ ಕೈಗೆ ಕೊಟ್ಟು ನೋಡಿ. ಎಲ್ಲ ನಿಯಮ ಪಾಲಿಸಿ ತುಂಬಿದ ಮಗು, ಅಚ್ಚಾದ ಉತ್ತರ ಬೇರೆ ಇರುವುದನ್ನು ಕಂಡು ತನ್ನದೇ ತಪ್ಪೆಂದು ಅಳಿಸಿಬಿಡುತ್ತದೆ. ತಪ್ಪು ಮಾಡಿದವರು ದೊಡ್ಡವರು, ತಲೆ ತಗ್ಗಿಸುವುದು ಮಗು! ಹಾಗಾಗಿ ಮೊದಲು ಎಲ್ಲ ಮನೆಗಳನ್ನೂ ತುಂಬಿಟ್ಟುಕೊಂಡು, ಒಂದೊಂದೇ ಅಂಕಿ ಅಳಿಸುತ್ತಾ ಬನ್ನಿ. ಪ್ರತಿ ಸಲವೂ ಹೊಸಬರಂತೆ ಬಿಡಿಸಿ ನೋಡಿ. ಎರಡು ದಾರಿ ಕಂಡರೆ ಅಳಿಸಿದ್ದನ್ನು ವಾಪಸು ಬರೆಯಿರಿ.

ಸಾದಾ ದೊಡ್ಡ ಸುಡೊಕುವಿಗೆ ಕನಿಷ್ಠ 17 ಅಂಕಿ ಬೇಕೆಂದು 2012ರಲ್ಲಿ ಕಂಪ್ಯೂಟರಿನಿಂದ ಸಾಧಿಸಿ ತೋರಿಸಲಾಯಿತು. ಆದರೆ 2020ರಲ್ಲಿ ಮಿಚೆಲ್ ಲೀ ರಚಿಸಿದ ‘ಮಿರಾಕಲ್ ಸುಡೊಕು’ವಿನ 81 ಮನೆಗಳಲ್ಲಿ ಕೊಟ್ಟದ್ದು ಎರಡೇ ಅಂಕಿ! ನಮ್ಮ ಪುಟ್ಟ ಸುಡೊಕುವಿನಲ್ಲಿ ಮಾತ್ರ ಮೂರಕ್ಕಿಂತ ಕೆಳಗಿಳಿಯಲಾಗದು. 1 ಮತ್ತು 4 ಮಾತ್ರ ಕೊಟ್ಟರೆ, 2 ಮತ್ತು 3ನ್ನು ಅದಲುಬದಲು ಮಾಡಿದರೂ ಉತ್ತರ ಸರಿಯೇ ಆಗಿರುತ್ತದೆ. ಲೀಯವರ ನಿಯಮಗಳಲ್ಲಿ ಒಂದು, 4ರ ಪಕ್ಕದಲ್ಲಿ 3 ಅಥವಾ 5 ಕೂರಬಾರದು ಎಂಬುದು. ಅಲ್ಲಿ ಅಂಕಿಗಳಿಗೆ ಹಿಂದು ಮುಂದು ಉಂಟು, ಹಾಗೆ ಅದಲುಬದಲು ಮಾಡಲು ಬರುವುದಿಲ್ಲ.