ಕೆರೆಯ ಕಾವಲಿಗೆ ಕೊಡದೊಳಗಿನ ಚೀಟಿ

ಹಾನಗಲ್ಲಿಗೆ ಆನೆಕೆರೆ, ಸವಣೂರಿಗೆ ಮೋತಿ ತಲಾಬ್. ಹಿರೇಕೆರೂರಿಗಂತೂ ಹೆಸರಿನಲ್ಲೇ ಕೆರೆ. ಶಿಗ್ಗಾಂವಿಯೂ ಸೇರಿದಂತೆ ಈ ನಾಲ್ಕು ಸೀಮೆಗಳ ಬೇಸಾಯ, ಬಾವಿ, ದನಕರುಗಳು ಕೆರೆಯನ್ನು ನಂಬಿ ಬಾಳಿದಂಥವು. ಆದರೆ ಕೆರೆಯ ಹೂಳು ಯಾರ ಹೊಲ ಸೇರಬೇಕು, ತೂಬನ್ನು ಎಂದು ತೆರೆಯಬೇಕು, ಒತ್ತುವರಿಯನ್ನು ಯಾರು ಪ್ರಶ್ನಿಸಬೇಕು ಎಂಬುದನ್ನು ನಿರ್ಧರಿಸುವವರು ಯಾರು?

2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯದಲ್ಲಿ ಸಮುದಾಯ ಆಧಾರಿತ ಕೆರೆ ಯೋಜನೆ ಆರಂಭವಾದಾಗ ಕೆರೆ ಬಳಕೆದಾರರ ಸಂಘಗಳು ಹುಟ್ಟಿದವು. ಉದ್ದೇಶ ಒಳ್ಳೆಯದೇ. ಆದರೆ ‘ಅವಿರೋಧ ಆಯ್ಕೆ’ಯ ಮರೆಯಲ್ಲಿ ಊರಿನ ಬಲಾಢ್ಯರೇ ಸಮಿತಿಯಾಗುವ ಅಪಾಯ ಇಂಥ ಯಾವ ಸಂಘಕ್ಕೂ ತಪ್ಪಿದ್ದಲ್ಲ. ಅಚ್ಚುಕಟ್ಟಿನ ದೊಡ್ಡ ಹಿಡುವಳಿದಾರನ ಎದುರು ಕುರಿಗಾಹಿಯೋ ಮೀನುಗಾರನೋ ಕೂಲಿಯ ಹೆಣ್ಣುಮಗಳೋ ಸ್ಪರ್ಧೆಗೆ ನಿಲ್ಲುವುದುಂಟೇ?

ಪ್ರಾಚೀನ ಅಥೆನ್ಸ್ ಈ ರೋಗವನ್ನು ಅರಿತಿತ್ತು. ಅಲ್ಲಿ ಪ್ರತಿವರ್ಷ 6,000 ನ್ಯಾಯಪಂಚರನ್ನೂ 500 ಜನರ ಆಡಳಿತ ಮಂಡಲಿಯನ್ನೂ ಬಹುಪಾಲು ಅಧಿಕಾರಿಗಳನ್ನೂ ಚೀಟಿ ಎತ್ತಿಯೇ ಆರಿಸುತ್ತಿದ್ದರು. ಚುನಾವಣೆ ಸಿರಿವಂತನಿಗೂ ಮಾತುಗಾರನಿಗೂ ಒಲಿಯುತ್ತದೆ. ಚೀಟಿಗೆ ಯಾರ ಮುಖದಾಕ್ಷಿಣ್ಯವೂ ಇಲ್ಲ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನೆರೆಯ ತಮಿಳುನಾಡಿನ ಉತ್ತರಮೇರೂರಿನಲ್ಲಿ ಕ್ರಿ.ಶ. 919 ಮತ್ತು 921ರ ಚೋಳ ಶಾಸನಗಳಿವೆ. ಊರಿನ 30 ಕೇರಿಗಳಿಂದ ಹೆಸರು ಬರೆದ ಓಲೆಗಳನ್ನು ಕೊಡಕ್ಕೆ ಹಾಕಿ, ಏನೂ ಅರಿಯದ ಬಾಲಕನಿಂದ ಎತ್ತಿಸಿ ಸಮಿತಿಗಳನ್ನು ರಚಿಸುತ್ತಿದ್ದರು. ಅವುಗಳಲ್ಲೊಂದು ಕೆರೆಯ ಸಮಿತಿ! ಅವಧಿ 360 ದಿನ. ಲೆಕ್ಕ ಒಪ್ಪಿಸದವನಿಗಷ್ಟೇ ಅಲ್ಲ, ಅವನ ಬಂಧುಗಳಿಗೂ ಕೊಡದಲ್ಲಿ ಜಾಗವಿರಲಿಲ್ಲ.

ಆ ವ್ಯವಸ್ಥೆಗಳು ನಿರ್ದೋಷವಾಗಿರಲಿಲ್ಲ. ಅಥೆನ್ಸ್ ಹೆಂಗಸರನ್ನೂ ಗುಲಾಮರನ್ನೂ ಹೊರಗಿಟ್ಟಿತು. ಉತ್ತರಮೇರೂರು ಭೂಮಿಯೂ ವೇದಾಧ್ಯಯನವೂ ಇದ್ದವರಿಗಷ್ಟೇ ಅವಕಾಶ ಕೊಟ್ಟಿತು. ಉಳಿಸಿಕೊಳ್ಳಬೇಕಾದುದು ಕೊಡವನ್ನು, ಬದಲಿಸಬೇಕಾದುದು ಅದರೊಳಗೆ ಬೀಳುವ ಹೆಸರುಗಳನ್ನು.

‘ತಿಳಿವಳಿಕೆ ಇಲ್ಲದವರ ಕೈಗೆ ಕೆರೆ ಕೊಡುವುದೇ?’ ಎಂಬ ಆಕ್ಷೇಪ ಏಳುತ್ತದೆ. ಅಥೆನ್ಸಿಗರು ಸೇನಾಪತಿಗಳನ್ನು ಮತ ಹಾಕಿಯೇ ಆರಿಸುತ್ತಿದ್ದರು. ಏರಿ, ಕೋಡಿಗಳ ದುರಸ್ತಿಯನ್ನು ಇಂಜಿನಿಯರರೇ ಮಾಡಲಿ. ಆದರೆ ನೀರು ಯಾರಿಗೆ ತಲುಪಲಿಲ್ಲವೆಂಬ ತಿಳಿವಳಿಕೆ ಬಾಲಗದ್ದೆಯ ರೈತನಿಗಿಂತ ಯಾರಿಗೆ ಹೆಚ್ಚಿದೆ? ಚೀಟಿ ಜೂಜೆಂದು ಮೂಗು ಮುರಿಯುವವರು ಒಂದನ್ನು ನೆನೆಯಬೇಕು: ಅಭ್ಯರ್ಥಿಗಳ ಮತಗಳು ಸಮನಾದಾಗ ಚೀಟಿ ಎತ್ತಬೇಕೆಂದು 1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯೇ ಹೇಳುತ್ತದೆ.

ಗ್ರಾಮಸಭೆಯ ನಡುವೆ ಒಂದು ಕೊಡ ಇರಲಿ. ಹೆಂಗಸರ, ಭೂಹೀನರ, ಪ್ರತಿ ಕೇರಿಯವರ ಹೆಸರು ಅದರಲ್ಲಿ ಬೀಳಲಿ. ಅವಧಿ ಒಂದೇ ವರ್ಷವಿರಲಿ. ಕೊನೆಗೆ ಲೆಕ್ಕವನ್ನು ಊರ ಮುಂದೆ ಓದಲಿ. ಕೆರೆ ಎಲ್ಲರದೆಂಬ ಮಾತು ಅಂದು ನಿಜವಾದೀತು.