ಬೀಗದ ಕೈ

ನಮ್ಮ ತಂದೆಯವರಿಗೆ ಅಕ್ಷರ ಬಾರದು. ಆದರೂ ಹೊಲದ ಕಾಗದಗಳಿರುವ ಟ್ರಂಕಿನ ಬೀಗದ ಕೈಯನ್ನು ಉಡಿದಾರದಿಂದ ಬಿಚ್ಚಿ ಯಾರಿಗೂ ಕೊಟ್ಟವರಲ್ಲ. ಕಳೆದ ಬೇಸಿಗೆಯಲ್ಲಿ ಪಹಣಿಯ ತಪ್ಪನ್ನು ತಿದ್ದಿಸಲು ಅವರೊಡನೆ ಒಂದು ಕಛೇರಿಗೆ ಹೋಗಿದ್ದೆ. ಗುಮಾಸ್ತರು ಕಂಪ್ಯೂಟರನ್ನು ತೆರೆದಂತೆಯೇ ಬಿಟ್ಟು ಕಾಫಿಗೆ ಎದ್ದುಹೋದರು. ಪರದೆಯ ಅಂಚಿಗೆ ಒಂದು ಚೀಟಿ ಅಂಟಿತ್ತು.

“ಅದೇನು ಮಗಾ?”

“ಪಾಸ್‌ವರ್ಡ್, ಅಪ್ಪ. ಇದರ ಬೀಗದ ಕೈ.”

“ನಮ್ಮ ಹೊಲದ ಲೆಕ್ಕ ಇರೋದು ಅದರೊಳಗೇ ಅಲ್ಲವಾ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

“ನಮ್ಮ ಕಛೇರಿಯಲ್ಲಿ ಕದಿಯುವಂಥದೇನಿದೆ?” ಎನ್ನುವವರುಂಟು. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ದುಷ್ಟ ತಂತ್ರಾಂಶವು ಸುಮಾರು 150 ದೇಶಗಳಲ್ಲಿ ಕಂಪ್ಯೂಟರಿನ ಕಡತಗಳಿಗೆ ತಾನೇ ಬೀಗ ಜಡಿದು ಹಣ ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ರದ್ದಾದವು. ಅದನ್ನು ತಡೆಯುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಹೊರಡಿಸಿತ್ತು. ಅನೇಕರು ಹಾಕಿಕೊಂಡಿರಲಿಲ್ಲ, ಅಷ್ಟೆ.

ಮಿತ್ರರೇ, ನಮ್ಮಲ್ಲಿ ಹಲವರು ನಾಳೆ ಅದೇ ಕುರ್ಚಿಗಾಗಿ ಹಂಬಲಿಸುವವರು. ಎದ್ದುಹೋಗುವಾಗ ‘ವಿಂಡೋಸ್’ ಮತ್ತು ‘ಎಲ್’ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪರದೆಗೆ ಬೀಗ ಬೀಳುತ್ತದೆ. ಪಾಸ್‌ವರ್ಡನ್ನು ಸಹೋದ್ಯೋಗಿಗೂ, ಫೋನಿನಲ್ಲಿ ಕೇಳಿದವರಿಗೂ ಹೇಳಬಾರದು. ಅಪರಿಚಿತ ಇ-ಮೇಲ್‌ನ ಕೊಂಡಿಯನ್ನು ಒತ್ತಬಾರದು. ತಿದ್ದುಪಡಿಗಳನ್ನು ಮುಂದೂಡಬಾರದು, ಕಡತಗಳ ಪ್ರತಿಯನ್ನು ಬೇರೆಡೆ ಇಟ್ಟಿರಬೇಕು. ಇದಕ್ಕೆ ಪಾಂಡಿತ್ಯ ಬೇಡ, ಶ್ರದ್ಧೆ ಸಾಕು.

ಕಛೇರಿಯ ಪಾಸ್‌ವರ್ಡ್ ಗುಮಾಸ್ತರ ಸ್ವಂತ ಸೊತ್ತಲ್ಲ. ಅದು ನೂರಾರು ಬಡವರ ಟ್ರಂಕಿನ ಬೀಗದ ಕೈ. ಓದು ಬಾರದ ನಮ್ಮ ತಂದೆ ಅರಿತಿರುವ ಈ ಮಾತನ್ನು ಪದವೀಧರರಾಗಲಿರುವ ನಾವು ಮರೆಯಬಾರದೆಂಬುದೇ ನನ್ನ ಬಿನ್ನಹ.